ನೀಲಿ ಬಳೆಯ ಒಡತಿ

“ನನ್ನ ಅಂಗಡ್ಯಾಗ ಬಳಿ ಒಡೀತಾವ ಬಾಯಾರ, ಬದಲಾಗೂದಿಲ್ಲ!”

ಮಸ್ತಾನಬಿ ಮೊಣಕಾಲಿಗೆ ಕೈ ಬಡಿದು ಹೇಳಿದ ರಭಸಕ್ಕೆ ಬಳೆಯ ಸರಗಳೆಲ್ಲ ಒಮ್ಮೆ ಝಲ್ಲೆಂದವು. ಕೈ ಚಾಚಿ ಕುಳಿತಿದ್ದ ಕಮಲಾಪುರದ ಹೆಂಗಸರು ಕಿಸಕ್ಕನೆ ನಕ್ಕರು.

ಕಸ್ತೂರಿಬಾಯಿ ನಗಲಿಲ್ಲ. ಅವಳ ಅಂಗೈಯಲ್ಲಿ ಒಂದು ನೀಲಿ ಬಳೆಯಿತ್ತು. ಬಳೆಗೆ ದಾರದಿಂದ ಕಟ್ಟಿದ ಚೀಟಿ, ಚೀಟಿಯ ಮೇಲೆ ಹದಿನೇಳು ಎಂಬ ಅಂಕಿ. ಈ ಬಳೆಯ ಜೋಡಿಯನ್ನು ತೋರಿಸಿದ ಬಂಡೆಮ್ಮನನ್ನು ಗುಲಬರ್ಗಾಕ್ಕೆ ಕರೆಸಿ ಎರಡು ಸಲ ಪರೀಕ್ಷೆ ಮಾಡಿದರೂ ಅವಳ ಮೈಯಲ್ಲಿ ರೋಗದ ಸುಳಿವೇ ಸಿಕ್ಕಿರಲಿಲ್ಲ.

ಹಾಗಾದರೆ ಹದಿನೇಳನೆಯ ಗಾಜಿನಲ್ಲಿ ಕಂಡ ರೋಗ ಯಾರದು?

ಹೆಣ್ಣುಮಕ್ಕಳ ಗರ್ಭಚೀಲದ ಬಾಯಿಗೆ ಬರುವ ಹುಣ್ಣನ್ನು, ಅದು ಹುಣ್ಣಾಗುವ ಎಷ್ಟೋ ವರ್ಷ ಮೊದಲೇ ಹಿಡಿಯಬಹುದು ಎಂಬ ಹೊಸ ವಿದ್ಯೆಯನ್ನು ಡಾಕ್ಟರ್ ಇಕ್ಬಾಲ್ ಬೇಗಂ ಮದರಾಸಿನಲ್ಲಿ ಕಲಿತು ಬಂದಿದ್ದರು. ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಸವರಿ ತೆಗೆದದ್ದನ್ನು ಗಾಜಿನ ಮೇಲೆ ಹಚ್ಚುವುದು, ಸ್ಪಿರಿಟಿನಲ್ಲಿ ಅದ್ದುವುದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ನೋವಿಲ್ಲ, ರಕ್ತವಿಲ್ಲ. ಕೆಟ್ಟ ಕಣಗಳು ಕಂಡರೆ ಆಗಲೇ ಚಿಕಿತ್ಸೆ ಮಾಡಿದರಾಯಿತು, ಆ ಹೆಂಗಸು ಹಣ್ಣುಹಣ್ಣು ಮುದುಕಿಯಾಗುವ ತನಕ ಬದುಕುತ್ತಾಳೆ. ಬಿಟ್ಟರೆ, ಮುಂದೆ ಹುಣ್ಣು ಬಾಯಿ ತೆರೆದಾಗ ಯಾವ ಡಾಕ್ಟರಿಂದಲೂ ಏನೂ ಮಾಡಲಾಗುವುದಿಲ್ಲ.

ಸೋಮವಾರ ಹೈದರಾಬಾದಿನಿಂದ ದೊಡ್ಡ ಡಾಕ್ಟರರು ತನಿಖೆಗೆ ಬರುವವರಿದ್ದರು. ಗುಲಬರ್ಗಾದ ಐವಾನ್-ಎ-ಶಾಹಿ ಅತಿಥಿಗೃಹದಲ್ಲಿ ಅವರಿಗೆ ಕೋಣೆ ಸಿದ್ಧವಾಗಿತ್ತು. ಗಾಜಿನಲ್ಲಿ ರೋಗ, ಮೈಯಲ್ಲಿ ಆರೋಗ್ಯ ಎಂದರೆ ಈ ಪರೀಕ್ಷೆಯೇ ಸುಳ್ಳು, ನಿಲ್ಲಿಸಿ ಎಂದು ಅವರು ಮೊದಲೇ ಹೇಳಿ ಕಳಿಸಿದ್ದರು.

“ಕೆಲಸ ನಿಂತರೆ ನಿಲ್ಲಲಿ ಕಸ್ತೂರಿಬಾಯಿ,” ಎಂದಿದ್ದರು ಇಕ್ಬಾಲ್ ಬೇಗಂ, ಬೆಳಿಗ್ಗೆ ಮೋಟಾರಿನಲ್ಲಿ ಬರುವಾಗ. “ಆದರೆ ಆ ಹೆಂಗಸು ಈಗ ಎಲ್ಲೋ ರೊಟ್ಟಿ ಬಡಿಯುತ್ತಾ ಹಾಡು ಹೇಳುತ್ತಾ ಇದ್ದಾಳೆ. ಅವಳಿಗೆ ಗೊತ್ತೇ ಇಲ್ಲ. ಅವಳನ್ನು ಹುಡುಕಿಕೊಡಿ.”

ಹುಡುಕುವುದು ಕಸ್ತೂರಿಬಾಯಿಗೆ ಹೊಸದಲ್ಲ. ನಿಜಾಮರ ಕಾಲದಿಂದ ಗುಲಬರ್ಗಾ ಸ್ಟೇಷನ್ನಿನ ಸುಂಕದ ನಾಕಾದಲ್ಲಿ ಹೆಂಗಸರ ಗಂಟುಮೂಟೆ ತಪಾಸಣೆ ಮಾಡುತ್ತಿದ್ದವಳು ಅವಳು. ಬುರ್ಖಾದೊಳಗಿನ ಬೆಳ್ಳಿ, ತುರುಬಿನೊಳಗಿನ ಬಂಗಾರ, ತೊಟ್ಟಿಲ ಕೂಸಿನ ಕೆಳಗಿನ ರೇಷ್ಮೆ, ಯಾವುದೂ ಅವಳ ಕೈ ತಪ್ಪಿದ್ದಿಲ್ಲ. ಪೊಲೀಸ್ ಕಾರ್ಯಾಚರಣೆ ಮುಗಿದು, ರಾಜ್ಯ ಭಾರತಕ್ಕೆ ಸೇರಿ, ಕೊನೆಗೆ ನಾಕಾಕ್ಕೂ ಬೀಗ ಬಿದ್ದಿತ್ತು. ಆದರೂ ಊರಲ್ಲಿ ಏನು ಕಳೆದರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು.

“ಸಿಟ್ಟಾಗಬ್ಯಾಡ ಮಸ್ತಾನಬಿ,” ಎಂದಳು ಕಸ್ತೂರಿಬಾಯಿ. “ಚೀಟಿ ಕಟ್ಟೂ ಮುಂದ ಕೈ ತಪ್ಪಿರಬಹುದು. ಒಬ್ಬಾಕಿ ಚೀಟಿ ಇನ್ನೊಬ್ಬಾಕಿ ಬಳಿಗೆ…”

“ತೌಬಾ ತೌಬಾ! ಕೇಳ್ರಿ ಈ ಮಾತ!” ಮಸ್ತಾನಬಿ ಸುತ್ತಲಿನವರನ್ನೆಲ್ಲ ಸಾಕ್ಷಿಗೆ ಕರೆದಳು. “ಒಬ್ಬಾಕಿ ಒಳಗ ಹೋದ ಮ್ಯಾಲ ಇನ್ನೊಬ್ಬಾಕಿ ಬಳಿ ಇಸಗೋತೀನಿ. ಇಬ್ಬರ ಬಳಿ ಒಮ್ಮೆಲೆ ನನ್ನ ಕೈಯಾಗ ಇರೂದಽ ಇಲ್ಲ. ಮತ್ತ ಈ ನೀಲಿ ಮಾಲು ಬಂಡೆಮ್ಮಗ ಬಿಟ್ರ ಯಾರಿಗೂ ಮಾರಿಲ್ಲ. ಆಕಿನಽ ಹಟಾ ಹಿಡದು ತರಿಸ್ಕೊಂಡಾಳ.”

ಬಳೆಯ ಯೋಚನೆ ಮಸ್ತಾನಬಿಯದೇ. ಹೆಸರು ಬರೆಸಲು ಕಮಲಾಪುರದ ಹೆಂಗಸರು ಒಪ್ಪಿರಲಿಲ್ಲ. ಪೊಲೀಸ್ ಕಾರ್ಯಾಚರಣೆಯ ಹೊತ್ತಿನ ಕೆಟ್ಟ ದಿನಗಳನ್ನು ದಾಟಿ ಬಂದ ಊರಿಗೆ, ಸರಕಾರದ ಕಾಗದದಲ್ಲಿ ಹೆಸರು ಸೇರುವುದೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಆಸ್ಪತ್ರೆಗೂ ಅವರು ಬರುತ್ತಿರಲಿಲ್ಲ. ಗಂಡನನ್ನಾಗಲಿ ಅತ್ತೆಯನ್ನಾಗಲಿ ಕೇಳದೆ ಹೆಂಗಸೊಬ್ಬಳು ಹೋಗಬಹುದಾದ ಜಾಗ ಊರಲ್ಲಿ ಒಂದೇ ಒಂದಿತ್ತು, ಬಳೆ ಅಂಗಡಿ. ಹಾಗಾಗಿ ಅಂಗಡಿಯ ಹಿಂದಿನ ಕೋಣೆಗೆ ಪರದೆ ಕಟ್ಟಿ ಮಂಚ ಹಾಕಿದ್ದಾಯಿತು. ಒಳಗೆ ಹೋಗುವವಳು ಕೈಯ ಒಂದು ಬಳೆ ಬಿಚ್ಚಿಕೊಡಬೇಕು. ಬಳೆಗೂ ಗಾಜಿಗೂ ಒಂದೇ ಅಂಕಿ. ಮುಂದೆ ಜೋಡಿ ಬಳೆ ತೋರಿಸಿದರೆ ಅವಳ ಫಲಿತಾಂಶ ಅವಳ ಕಿವಿಗಷ್ಟೇ. ಆ ಉಪಾಯಕ್ಕೆ ಇಕ್ಬಾಲ್ ಬೇಗಂ ಮಸ್ತಾನಬಿಯ ಕೆನ್ನೆ ಹಿಂಡಿ ಶಾಬಾಸ್ ಅಂದಿದ್ದರು.

“ನನ್ನ ಮ್ಯಾಲ ಶಕ್ ಇದ್ರ ನೀವಽ ಒಳಗ ಹೋಗಿ ಬರ್ರಿ,” ಎಂದಳು ಮಸ್ತಾನಬಿ. “ನಾ ಹೆಂಗ ಚೀಟಿ ಕಟ್ತೀನಿ ನೋಡ್ರಿ. ಊರ ಮಂದಿಗೆಲ್ಲ ಹೋಗ್ರಿ ಹೋಗ್ರಿ ಅಂತೀರಿ. ನೀವು ಹೋಗೀರೇನು?”

“ನನಗೇನಾಗ್ಯಾದ?”

“ಇದನ್ನಽ ನಾವೂ ಅಂದಿದ್ವಿ!” ಮೂಲೆಯಿಂದ ಯಾರೋ ಕೂಗಿದರು. “ಆವಾಗ ನೀವು ಕುಂತು ಒಂದು ತಾಸು ಪುರಾಣ ಹೇಳಿದ್ರಿ!”

“ಬಾಯಾರ ಮಾರಿ ನೋಡ್ರೇ, ಹೊಸಾ ಸೊಸಿ ಹಂಗ ಕೆಂಪಾಗ್ಯಾದ!”

ಪರದೆಯ ಹಿಂದಿನಿಂದ ಇಕ್ಬಾಲ್ ಬೇಗಂ ಅವರ ದನಿ ಬಂತು. “ಬನ್ನಿ ಕಸ್ತೂರಿಬಾಯಿ. ಆರು ತಿಂಗಳಿಂದ ನಾಳೆ ನಾಳೆ ಅಂತ ನನ್ನನ್ನು ಆಡಿಸುತ್ತಿದ್ದೀರಿ.”

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಕಸ್ತೂರಿಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು. ಮಸ್ತಾನಬಿ ಎಂದಿನ ರೂಢಿಯಂತೆ ಕೈ ಚಾಚಿದಳು. “ಬಳಿ ಕೊಡ್ರಿ.”

ಕಸ್ತೂರಿಬಾಯಿ ಕೈ ಮುಂದೆ ಮಾಡಿದಳು.

ಅಂಗಡಿಯ ನಗು ಒಮ್ಮೆಲೇ ನಿಂತಿತು. ಆ ಕೈಯಲ್ಲಿ ಗಡಿಯಾರದ ಚರ್ಮದ ಪಟ್ಟಿಯ ಹೊರತು ಏನೂ ಇರಲಿಲ್ಲ. ಮಸ್ತಾನಬಿ ನಾಲಿಗೆ ಕಚ್ಚಿಕೊಂಡಳು. “ಮಾಫ್ ಮಾಡ್ರಿ ಅಕ್ಕಾ. ಖಬರ ಇಲ್ದ…”

ಆದರೆ ಕಸ್ತೂರಿಬಾಯಿಗೆ ನೋವಾಗಿರಲಿಲ್ಲ. ಅವಳು ತನ್ನ ಮಣಿಕಟ್ಟನ್ನೇ ಹೊಸದಾಗಿ ನೋಡುತ್ತಿದ್ದಳು. ಗಂಡ ತೀರಿಕೊಂಡ ಮೊದಲ ವರ್ಷ, ರೊಟ್ಟಿ ಬಡಿಯುವಾಗ ತನ್ನ ಕೈಯ ಸದ್ದು ತನಗೇ ಕೇಳದೆ, ಬೇರೆ ಯಾರೋ ಅಡುಗೆ ಮಾಡುತ್ತಿದ್ದಾರೇನೋ ಎಂದು ಬೆಚ್ಚುತ್ತಿದ್ದಳು. ಆಮೇಲಾಮೇಲೆ ಆ ಮೌನ ಎಷ್ಟು ರೂಢಿಯಾಯಿತೆಂದರೆ, ಬಳೆಯ ಗುರುತು ಇಡೋಣ ಎಂದು ಮಸ್ತಾನಬಿ ಹೇಳಿದ ದಿನ ಬಲು ಚೆಂದದ ಯೋಚನೆ ಎಂದು ತಲೆಯಾಡಿಸಿದವರಲ್ಲಿ ಅವಳೂ ಒಬ್ಬಳು. ಬಳೆಯಿಲ್ಲದವರು ಏನು ಕೊಟ್ಟಾರು ಎಂದು ಬಳೆಯಿಲ್ಲದ ಅವಳಿಗೇ ಹೊಳೆದಿರಲಿಲ್ಲ.

ಅವಳ ಮುಖದಲ್ಲಿ ನಿಧಾನವಾಗಿ ನಗು ಅರಳಿತು.

“ಮಸ್ತಾನಬಿ, ನೀ ಖರೇ ಹೇಳಿದಿ. ಬಳಿ ಬದಲಾಗಿಲ್ಲ. ಕೈ ಬದಲಾಗ್ಯಾದ!”

ಗಡಿಯಾರ ಬಿಚ್ಚಿ ಅವಳ ಮಡಿಲಿಗೆ ಹಾಕಿ ಕಸ್ತೂರಿಬಾಯಿ ಪರದೆ ಸರಿಸಿ ಒಳಗೆ ನುಗ್ಗಿದಳು. “ಡಾಕ್ಟರಬಾಯಾರ, ಪಂಚಮಿ ಮುಂದ ನೀವು ಇಲ್ಲಿ ಕುಂತು ಆ ಗಾಜು ತಗದಾಗ, ಬರಿಗೈಯಾಕಿ ಯಾರಾದರೂ ಬಂದಿದ್ರೇನು? ನೆನಪ ಮಾಡ್ಕೋರಿ.”

“ಮೊದಲು ಮಲಗಿ.”

“ಅಲ್ರೀ…”

“ಮಲಗಿದರೆ ಹೇಳುತ್ತೇನೆ.”

ಕಸ್ತೂರಿಬಾಯಿ ಮಲಗಿದಳು. ಮಲಗುತ್ತಲೇ, ತನಗರಿವಿಲ್ಲದೆ, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಇಕ್ಬಾಲ್ ಬೇಗಂ ನಕ್ಕರು.

“ನೋಡಿದಿರಾ? ಎಲ್ಲರೂ ಹೀಗೆಯೇ. ಕಮಲಾಪುರದ ಅರ್ಧ ಊರನ್ನು ನಾನು ಪರೀಕ್ಷೆ ಮಾಡಿದ್ದೇನೆ, ಬಜಾರದಲ್ಲಿ ಎದುರಿಗೆ ಬಂದರೆ ಒಬ್ಬಳ ಗುರುತೂ ಸಿಗುವುದಿಲ್ಲ.” ಗಾಜಿನ ಮೇಲೆ ಕಡ್ಡಿ ಸವರುತ್ತಾ ಅವರು ಸ್ವಲ್ಪ ತಡೆದರು. “ಆದರೆ ಕೈ… ಹೌದು, ಒಬ್ಬಳು ಬಂದಿದ್ದಳು. ಹೆದರಿದವರು ಮಂಚ ಹಿಡಿದುಕೊಂಡರೆ ಬಳೆಗಳೆಲ್ಲ ಕಿಣಿಕಿಣಿ ಅನ್ನುತ್ತವೆ. ಅವಳು ನನ್ನ ಕೈಯನ್ನೇ ಹಿಡಿದುಕೊಂಡಳು. ಸೆರಗಿನೊಳಗೆ ನಗುತ್ತಿದ್ದಳು. ಸದ್ದೇ ಇರಲಿಲ್ಲ.”

“ವಯಸ್ಸು?”

“ಎಳೆಯ ಕೈ. ಮೂವತ್ತು ದಾಟಿರಲಿಕ್ಕಿಲ್ಲ. ಏಳಿ, ಮುಗಿಯಿತು.”

“ಇಷ್ಟೇ ಏನ್ರೀ?”

“ಇಷ್ಟೇ. ಇದಕ್ಕೆ ಆರು ತಿಂಗಳು ಓಡಿಹೋದಿರಿ.”

ಹೊರಗೆ ಮಸ್ತಾನಬಿ ಗಡಿಯಾರಕ್ಕೆ ಚೀಟಿ ಕಟ್ಟಿ, ಕಿವಿಯ ಹತ್ತಿರ ಹಿಡಿದು ಟಿಕ್ ಟಿಕ್ ಕೇಳುತ್ತಾ ಕುಳಿತಿದ್ದಳು. ಆಗಲೇ ಬಳೆಯ ಬುಟ್ಟಿಗೆ ಅರಿವೆ ಮುಚ್ಚಿ ಹೊರಡುವ ತಯಾರಿಯೂ ನಡೆದಿತ್ತು.

“ಎಲ್ಲಿಗೆ?”

“ಬಂಡೆಮ್ಮನ ಮನಿಗೆ. ಹಸರ ಬಳಿ ತೊಗೊಂಡ ಬಾ ಅಂತ ಹೇಳಿ ಕಳಿಸ್ಯಾಳ. ಮೊನ್ನೆನಽ ಕೈತುಂಬ ತೊಡಿಸೀನಿ, ಮತ್ತ ಯಾರಿಗೋ ಏನೋ.”

ಕಸ್ತೂರಿಬಾಯಿ ಬುಟ್ಟಿಯ ಇನ್ನೊಂದು ಬದಿಗೆ ಕೈ ಹಚ್ಚಿದಳು. “ನಡಿ. ಯಾರಿಗಂತ ನೋಡೋಣು.”

ಬಂಡೆಮ್ಮನ ಮನೆ ಊರ ಹೊರಗೆ, ಬಾಳೆಯ ತೋಟದೊಳಗೆ. ಕಮಲಾಪುರದ ಕೆಂಪು ಬಾಳೆಯ ಗೊನೆಗಳು ಪಡಸಾಲೆಯ ತೊಲೆಯಿಂದ ಇಳಿಬಿದ್ದಿದ್ದವು. ಗೋಡೆಗೆ ಹೊಸ ಸುಣ್ಣ. ಒಲೆಯ ಮೇಲೆ ಶೇಂಗಾ ಹೋಳಿಗೆಯ ವಾಸನೆ. ಬಂಡೆಮ್ಮನ ಗಂಡ ದೇವಿಂದ್ರಪ್ಪ ಅಂಗಳದಲ್ಲಿ ಕಂಬಳಿ ಹಾಸುತ್ತಿದ್ದವನು, ಕಸ್ತೂರಿಬಾಯಿಯನ್ನು ಕಂಡು ಕೈಮುಗಿದ.

“ಬರ್ರಿ ಅಕ್ಕಾರ. ಚಲೋ ಟೈಮಿಗೆ ಬಂದ್ರಿ. ಇವತ್ತ ನಮ್ಮ ಮನ್ಯಾಗ ಬೀಗರು ಬರೂದದ.”

“ಯಾರಿಗೆ ನೋಡಾಕ?”

“ನಮ್ಮ ತಂಗಿ ಮಾನಮ್ಮಗ್ರೀ. ಗಂಡ ಸತ್ತಾಕಿ, ಉಡಕಿ ಮಾಡಿ ಮತ್ತೊಮ್ಮೆ ಲಗ್ನಾ ಮಾಡಿಕೊಡ್ಲಕತ್ತೀವಿ. ವರ ಕುಸನೂರದಾಂವ, ಗಿರಣ್ಯಾಗ ನೌಕರಿ. ಮಂದಿ ಉಡಕಿ ಅಂದ್ರ ಕತ್ತಲಾಗ ಮುಚ್ಚಿ ಮಾಡ್ತಾರ. ನಾ ಹಗಲಾಗ, ಬಾಜಾ ಹಚ್ಚಿ ಮಾಡಾಂವ. ಯಾಕ ಮಾಡಬಾರ್ದು?”

“ಮಾಡಪ್ಪಾ. ಬಾಜಾದಾಂವ ಸಿಗದಿದ್ರ ನಾನಽ ಡಬ್ಬಿ ಬಾರಸ್ತೀನಿ,” ಎಂದಳು ಕಸ್ತೂರಿಬಾಯಿ. ಅವಳ ಎದೆಯೊಳಗೆ ಮಾತ್ರ ಬೇರೆಯೇ ಒಂದು ಡಬ್ಬಿ ಬಡಿಯತೊಡಗಿತ್ತು. ಗಂಡ ಸತ್ತು ತವರಿಗೆ ಬಂದ ಎಳೆಯ ಹೆಂಗಸು ಇದೇ ಮನೆಯಲ್ಲಿದ್ದಾಳೆ.

ಬಂಡೆಮ್ಮ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು. ದುಂಡು ಮುಖ, ಕೈತುಂಬ ನೀಲಿ ಬಳೆ. ಕಸ್ತೂರಿಬಾಯಿಯನ್ನು ಕಂಡದ್ದೇ ಲಟ್ಟಣಿಗೆ ನಿಂತಿತು.

“ಮತ್ತ ಗುಲಬರ್ಗಾಕ್ಕ ಕರೀಲಾಕ ಬಂದೀರೇನು? ನಾ ಒಲ್ಯವ್ವಾ. ಎರಡು ಸಲ ಮಲಗಿ ಎದ್ದು ಬಂದೀನಿ, ಆ ಬಾಯಿ ಒಂದು ಗುಳಿಗಿ ಸುದ್ದಾ ಕೊಡಲಿಲ್ಲ.”

“ಬ್ಯಾನಿ ಇಲ್ದವರಿಗೆ ಯಾಕ ಗುಳಿಗಿ ಕೊಡ್ತಾರ?” ಕಸ್ತೂರಿಬಾಯಿ ಮಣೆ ಎಳೆದುಕೊಂಡು ಕುಳಿತಳು. “ಪಂಚಮಿ ಮುಂದ ಅಂಗಡ್ಯಾಗ ಒಳಗ ಹೋಗಿದ್ದು ನೀನಽ ಏನು?”

“ಮತ್ತ್ಯಾರು?”

“ಡಾಕ್ಟರಬಾಯಾರು ಕಾಲಿನ ಕಡಿ ಮೊದಲು ಏನು ಇಟ್ರು, ಹೇಳು ನೋಡೋಣು.”

“ಹಾಂ… ಆ ಇದು…”

“ನೀ ಆವತ್ತ ಮಂಚದ ಮ್ಯಾಲ ಏರಿಲ್ಲ ಬಂಡೆಮ್ಮ.”

ಬಂಡೆಮ್ಮ ಹೋಳಿಗೆ ತಿರುವಿ ಹಾಕಿದಳು. ಅದು ಆಗಲೇ ಸೀದು ಕಪ್ಪಾಗಿತ್ತು. “ಆವತ್ತ ನಾ ಹೊರಗಾಗಿದ್ದೆ,” ಎಂದಳು ಸಣ್ಣ ದನಿಯಲ್ಲಿ. “ಹೊರಗಾದವರಿಗೆ ಮಾಡೂದಿಲ್ಲ ಅಂದ್ರು.”

“ಮತ್ತ ನಿನ್ನ ಬಳಿ ಹೆಂಗ ಹೋತು?”

“ಬಳಿ… ಬಿದ್ದಿರಬೇಕು.”

“ಬಿದ್ದು ತಾನಽ ಚೀಟಿ ಕಟಗೊಂತೇನು?”

ಹೊಸ್ತಿಲಲ್ಲಿ ಕುಳಿತಿದ್ದ ಮಸ್ತಾನಬಿ ತಡೆಯಲಾರದೆ ನಕ್ಕಳು. ಬಂಡೆಮ್ಮನ ಕಣ್ಣಲ್ಲಿ ನೀರು ಬಂತು, ತುಟಿಯಲ್ಲಿ ನಗುವೂ ಬಂತು, ಎರಡರಲ್ಲಿ ಯಾವುದು ಗೆಲ್ಲಬೇಕೆಂದು ಅವಳಿಗೇ ತಿಳಿಯಲಿಲ್ಲ.

“ನಮ್ಮ ನಾದಿನಿ ಹೋಗ್ತೀನಿ ಅಂದಳ್ರೀ. ಬಳಿ ಇಲ್ದಾಕಿ ಬಳಿ ಅಂಗಡಿಗಿ ಹೆಂಗ ಹೋಗಬೇಕು? ಸೆರಗ ಹೊತ್ತು ನನ್ನ ಹಿಂದ ಬಂದಳು. ನಾನಽ ಒಂದು ಬಿಚ್ಚಿ ಆಕಿ ಕೈಯಾಗ ಕೊಟ್ಟೆ. ಸೆರಗಿನಾಗ ಕೈ ಮುಚಗೊಂಡು ಮಸ್ತಾನಬಿಗೆ ಕೊಟ್ಟಳು. ಇಷ್ಟಽ.”

“ಯಾ ಅಲ್ಲಾ!” ಎಂದಳು ಮಸ್ತಾನಬಿ. “ನನ್ನ ಕಣ್ಣ ಮುಂದಽ!”

“ಅದು ಸೈ. ದಸರಾ ಆದ ಮ್ಯಾಲ ಕರೆ ಬಂದಾಗ ಆಕಿನ್ನ ಕಳಸದಽ ನೀ ಯಾಕ ಬಂದಿ?”

“ಔಷಧ ತರಾಕ!” ಇಷ್ಟೂ ತಿಳಿಯದೇ ಎಂಬಂತೆ ಬಂಡೆಮ್ಮ ಇವಳನ್ನು ನೋಡಿದಳು. “ನಮ್ಮತ್ತಿ ಇರೂತನಕ ಹಕೀಮರ ಕಡಿ ತಾ ಒಂದು ಸಲನೂ ಹೋಗಿದ್ದಿಲ್ಲ. ಆಕಿ ಹೊಟ್ಟಿಬ್ಯಾನಿ ನಂದಂತ ಹೇಳಿ ನಾ ಪುಡಿ ತರತಿದ್ದೆ. ಆಕಿ ಕುಡದು ಆರಾಮಾಗತಿದ್ದಳು. ಎಲ್ಲಾರೂ ಹಂಗಽ ಮಾಡ್ತಾರ. ಮಾನಮ್ಮನ ಉಡಕಿ ಮಾತು ನಡದದ, ಆಕಿಗೆ ಬ್ಯಾನಿ ಅದ ಅಂತ ಹೊರಗ ಬಿದ್ರ ಮಾತು ಮುರೀತದ. ಅದಕ್ಕ ಆಕಿ ಬ್ಯಾನಿ ನಾ ಇಸಗೊಂಡು ಹೋದೆ. ಆ ಬಾಯಿ ಪುಡಿ ಕೊಟ್ರ ತಂದು ಆಕಿಗೆ ಕುಡಸಾಕಿ. ಅವರು ಪುಡಿ ಕೊಡೂದು ಬಿಟ್ಟು ನನ್ನನ್ನಽ ಮತ್ತ ಮತ್ತ ನೋಡಿದ್ರು!”

ಕಸ್ತೂರಿಬಾಯಿಗೆ ನಗು ತಡೆಯಲಾಗಲಿಲ್ಲ. ಹೈದರಾಬಾದಿನ ದೊಡ್ಡ ಡಾಕ್ಟರರ ನಿದ್ದೆ ಕೆಡಿಸಿದ, ಒಂದು ವಿದ್ಯೆಯನ್ನೇ ಸುಳ್ಳು ಮಾಡಲಿದ್ದ ಒಗಟು ಇದು. ನಾದಿನಿಯ ರೋಗವನ್ನು ಬುತ್ತಿಯ ಗಂಟಿನಂತೆ ಹೊತ್ತು ಅತ್ತಿಗೆ ಗುಲಬರ್ಗಾಕ್ಕೆ ಹೋಗಿ ಬಂದಿದ್ದಳು. ಕಸ್ತೂರಿಬಾಯಿ ಹಿಟ್ಟಿನ ಕೈಗಳನ್ನು ಹಿಡಿದುಕೊಂಡಳು.

“ಹುಚ್ಚಿ. ಇದು ಪುಡಿಗೆ ಹೋಗೂ ಬ್ಯಾನಿ ಅಲ್ಲ.”

“ಹಂಗಾದ್ರ ಹೆಂಗ ಹೋಗ್ತದ?”

ಕೇಳಿದ್ದು ಬಂಡೆಮ್ಮನಲ್ಲ. ಹಿತ್ತಲ ಬಾಗಿಲಲ್ಲಿ ಕೊಡ ಹಿಡಿದು ಮಾನಮ್ಮ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ. ನೀಳ ಕುತ್ತಿಗೆ, ನಗುವನ್ನು ಯಾವಾಗಲೂ ಅರ್ಧಕ್ಕೆ ನಿಲ್ಲಿಸಿಟ್ಟಂಥ ತುಟಿ. ಕೊಡದ ಕಂಠದ ಮೇಲಿನ ಕೈ ಬರಿದಾಗಿತ್ತು.

“ಅತ್ತಿಗಿ ನನಗೇನೂ ಹೇಳಿಲ್ರೀ. ಎಲ್ಲಾ ಚಲೋ ಅದ ಅಂದಳು.” ಕೊಡ ಇಳಿಸಿ ಎದುರಿಗೇ ಕುಳಿತಳು. “ನೀವು ಹೇಳ್ರಿ. ಸಾಯ್ತೀನೇನು?”

“ಇಲ್ಲ. ಈಗ ಬಂದ್ರ ಸಾಯೂದಿಲ್ಲ.” ಅಷ್ಟು ಗಟ್ಟಿಯಾಗಿ ಕಸ್ತೂರಿಬಾಯಿ ಹೇಳಬಲ್ಲವಳಾಗಿದ್ದಳು.

“ಮಕ್ಕಳಾಗ್ತಾವೇನ್ರೀ?”

ಸ್ಟೇಷನ್ನಿನಲ್ಲಿ ಸಾವಿರ ಹೆಂಗಸರ ಕಣ್ಣಿಗೆ ಕಣ್ಣಿಟ್ಟು ಪ್ರಶ್ನೆ ಕೇಳಿದವಳು, ಈ ಒಂದು ಪ್ರಶ್ನೆಗೆ ಕಣ್ಣು ತಗ್ಗಿಸಿದಳು. “ಎಷ್ಟು ಆಳಕ್ಕ ಇಳದದ ಅಂತ ನೋಡಬೇಕವ್ವಾ. ಸ್ವಲ್ಪ ಕತ್ತರಿಸಿದ್ರ ಸಾಕಾದ್ರೂ ಆಗಬಹುದು. ಆಗಲಿಲ್ಲಂದ್ರ ಗರ್ಭಚೀಲಾನಽ ತಗೀಬೇಕಾಗ್ತದ.”

ಅಂಗಳದಲ್ಲಿ ಟಾಂಗಾ ನಿಂತ ಸದ್ದು ಕೇಳಿತು. ಬರ್ರಿ ಬರ್ರಿ ಎಂಬ ದೇವಿಂದ್ರಪ್ಪನ ದನಿ, ಕಾಲಿಗೆ ನೀರು ಹಾಕಿದ ಸದ್ದು.

“ಬಂದ್ರು!” ಬಂಡೆಮ್ಮ ಗಾಬರಿಯಲ್ಲಿ ಕಸ್ತೂರಿಬಾಯಿಯ ಕೈ ಅದುಮಿದಳು. “ಅಕ್ಕಾ, ನಿಮ್ಮ ಕಾಲ ಬೀಳ್ತೀನಿ, ಉಡಕಿ ಆಗೂತನಕ ತುಟಿ ಪಿಟಕ್ ಅನಬ್ಯಾಡ್ರಿ.”

ಆದರೆ ಮಾನಮ್ಮ ಆಗಲೇ ಎದ್ದಿದ್ದಳು. “ಬ್ಯಾನಿನೂ ನಂದು, ಲಗ್ನಾನೂ ನಂದು,” ಎಂದಳು. “ಈ ಸಲ ನಾನಽ ಹೋಗ್ತೀನಿ ಅತ್ತಿಗಿ. ನೀ ನನ್ನ ಬದಲಿ ಹೋಗಿದ್ದು ಸಾಕು.”

ಯಾರೂ ಹಿಡಿಯುವ ಮೊದಲೇ ಅವಳು ಪಡಸಾಲೆ ದಾಟಿ ಅಂಗಳಕ್ಕೆ ಇಳಿದಳು. ಕಂಬಳಿಯ ಮೇಲೆ ಕುಳಿತಿದ್ದವರು ತಲೆಯೆತ್ತಿದರು. ಒಬ್ಬ ಮುದುಕಿ, ಮತ್ತೆ ಅವಳ ಮಗ, ಬಿಳಿ ಟೊಪ್ಪಿಗೆಯ ಸೂರ್ಯಕಾಂತ.

“ಸೂರ್ಯಕಾಂತ ಅವರ,” ಎಂದಳು ಮಾನಮ್ಮ. “ಲಗ್ನ ಆದ ಮ್ಯಾಲ ನಿಮ್ಮ ಹೆಸರು ಹಿಡದು ಕರೀಲಾಕ ಬರೂದಿಲ್ಲ. ಅದಕ್ಕ ಇವತ್ತ ಕರೀತೀನಿ. ನನಗ ಒಂದು ಬ್ಯಾನಿ ಅದ ಅಂತ. ಆಸ್ಪತ್ರಿಗಿ ಹೋದ್ರ ವಾಸಿ ಆಗ್ತದಂತ. ಮಕ್ಕಳು ಆಗಬಹುದು, ಆಗದಽ ಇರಬಹುದು. ಈಗ ನಿಮ್ಮ ಮಾತೇನು, ಹೇಳ್ರಿ.”

ದೇವಿಂದ್ರಪ್ಪನ ಕೈಯ ತಂಬಿಗೆ ಹಾಗೇ ನಿಂತಿತು. ಮುದುಕಿ ಮಗನ ಮುಖ ನೋಡಿದಳು.

ಸೂರ್ಯಕಾಂತ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ನನಗ ಗೊತ್ತದ,” ಎಂದ. “ನಮ್ಮವ್ವಗೂ ಗೊತ್ತದ. ಗೊತ್ತಿದ್ದಽ ಕೇಳಾಕ ಕಳಿಸಿದ್ದು. ನಮ್ಮಕ್ಕನ್ನ ಇದಽ ಹುಣ್ಣು ತಿಂತ್ರಿ. ಆಕಿಗೆ ಯಾರೂ ಮೊದಲು ಹೇಳಲಿಲ್ಲ. ನಿಮಗ ಹೇಳಾವರದಾರ. ನಿಮ್ಮನ್ನ ಆಸ್ಪತ್ರಿಗಿ ನಾನಽ ಕರಕೊಂಡ ಹೋಗ್ತೀನಿ.”

ಮಾನಮ್ಮನ ತುಟಿಯಲ್ಲಿ ಅರ್ಧಕ್ಕೆ ನಿಂತಿದ್ದ ನಗು ಪೂರ್ತಿಯಾಯಿತು. ಮುದುಕಿ ಎದ್ದು ಬಂದು ಅವಳ ಎರಡೂ ಬರಿಗೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಮಸ್ತಾನಬಿ ಗಟ್ಟಿಯಾಗಿ ಅತ್ತುಬಿಟ್ಟಳು. ಬಂಡೆಮ್ಮ ಅವಳಿಗಿಂತ ಗಟ್ಟಿಯಾಗಿ ಅತ್ತಳು. ಕಸ್ತೂರಿಬಾಯಿಯೂ ಕಣ್ಣೊರೆಸಿಕೊಂಡು ನಗುತ್ತಾ ಕೇಳಿದಳು.

“ಶಾಬಾಸ್ ತಮ್ಮಾ. ಬಂಡೆಮ್ಮ ನಿನ್ನ ಕಡಿ ಯಾವಾಗ ಬಂದು ಹೇಳಿದಳು?”

“ನಾನೇ? ನಾ ಹೇಳಿಲ್ರೀ!” ಎಂದಳು ಬಂಡೆಮ್ಮ ಸೆರಗಿನೊಳಗಿಂದ.

“ಅವರಲ್ರೀ,” ಎಂದ ಸೂರ್ಯಕಾಂತ. “ನನಗ ಗಣಪತಿ ಹಬ್ಬದಾಗಽ ಗೊತ್ತಾಗಿತ್ತು.”

ಕಸ್ತೂರಿಬಾಯಿಯ ಕೈ ಕಣ್ಣಿನ ಬಳಿಯೇ ನಿಂತಿತು.

ಗಾಜುಗಳಿಗೆ ಬಣ್ಣ ಹಾಕಿದ್ದು ಶ್ರಾವಣದಲ್ಲೇ ಇರಬಹುದು. ಆದರೆ ಕಮಲಾಪುರದ ಗಾಜುಗಳನ್ನಿಟ್ಟ ಪೆಟ್ಟಿಗೆಯ ಬೀಗ ತೆಗೆದು ಇಕ್ಬಾಲ್ ಬೇಗಂ ಮೊದಲ ಗಾಜನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟದ್ದು ದಸರೆ ಕಳೆದ ಮೇಲೆ. ಆಗಲೂ ಅದು ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಮಾನಮ್ಮನ ಮೈಯೊಳಗಿನ ಸುದ್ದಿ ಈ ಲೋಕದಲ್ಲಿ ಯಾರಿಗೂ ತಿಳಿದಿರಲು ಸಾಧ್ಯವಿರಲಿಲ್ಲ.

“ಯಾರು ಹೇಳಿದ್ರು?” ಎಂದಳು, ಆದಷ್ಟು ಮೆಲ್ಲಗೆ.

ಸೂರ್ಯಕಾಂತ ತಾಯಿಯ ಕಡೆ ನೋಡಿದ. ಮುದುಕಿ ಮಾನಮ್ಮನ ಕೈ ಬಿಡದೆಯೇ, ಬೇಡ ಎಂಬಂತೆ ಒಮ್ಮೆ ತಲೆಯಾಡಿಸಿದಳು.

“ಹೆಸರು ಹೇಳಬ್ಯಾಡಂತ ಆಣಿ ಮಾಡಿಸ್ಕೊಂಡಾರ್ರೀ,” ಎಂದ ಅವನು. “ಇಷ್ಟು ಹೇಳ್ತೀನಿ, ಡಾಕ್ಟರಬಾಯಾರಕಿಂತ ಮೊದಲಽ ಆ ಪೆಟಿಗಿ ತಗದು ನೋಡಿದವರು ಅದಾರ. ಹದಿನೇಳೊಂದಽ ಅಲ್ಲ, ಆ ಪೆಟಿಗ್ಯಾಗ ಇದಽ ಬ್ಯಾನಿದು ಇನ್ನೊಂದು ಗಾಜು ಇತ್ತಂತ. ಡಾಕ್ಟರಬಾಯಾರಿಗೆ ಅದು ಇನ್ನೂ ಕಂಡಿಲ್ಲ. ಯಾಕಂದ್ರ ಅದು ಈಗ ಆ ಪೆಟಿಗ್ಯಾಗ ಇಲ್ಲ.”